ಎನ್‌ಬಿಎ ವಿಡಿಯೋ ರೂಲ್‌ಬುಕ್: ಹೆಜ್ಜೆ ಎಣಿಸುವುದನ್ನು ನಾನು ಮತ್ತೆ ಕಲಿತೆ

ಮೈಸೂರಿನಲ್ಲಿ ಬೆಳಗಿನ ಹೊತ್ತು ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಹದಿನಾರು ವರ್ಷವಾಯಿತು. ಲೇಅಪ್ (ಓಡಿ ಬಂದು ಹಾರಿ ಚೆಂಡನ್ನು ಬುಟ್ಟಿಗೆ ಹಾಕುವುದು) ಕಲಿಸುವಾಗ ಜೋರಾಗಿ ಎಣಿಸುವುದು ನನ್ನ ಅಭ್ಯಾಸ: ‘ಒಂದು, ಎರಡು, ಹಾರು!’ ನನ್ನ ಕೋಚ್ ನನಗೆ ಹಾಗೇ ಕಲಿಸಿದ್ದರು. ಚೆಂಡು ಹಿಡಿದ ಮೇಲೆ ಮೂರನೇ ಸಲ ಕಾಲು ನೆಲಕ್ಕೆ ತಾಗಿದರೆ ಟ್ರಾವೆಲ್, ಅಂದರೆ ಹೆಜ್ಜೆ ಮೀರಿದ ತಪ್ಪು, ಅಷ್ಟೇ ಲೆಕ್ಕ.

ಆ ಲೆಕ್ಕ ಸಾಲದು ಅಂತ ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ಒಂದು ಶಾಲಾ ಪಂದ್ಯದಲ್ಲಿ. ಅರ್ಧ ನಿಮಿಷ ಉಳಿದಿತ್ತು. ನಾವು ಒಂದು ಅಂಕ ಹಿಂದೆ. ನಮ್ಮ ಹದಿಮೂರರ ಹುಡುಗ ಬಲಗಡೆಯಿಂದ ನುಗ್ಗಿದ. ಡ್ರಿಬಲ್ (ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗುವುದು) ಮುಗಿಸಿ ಚೆಂಡನ್ನು ಎರಡೂ ಕೈಗೆ ತೆಗೆದುಕೊಳ್ಳುವಾಗ ಅವನ ಎಡಗಾಲು ಆಗಲೇ ನೆಲದ ಮೇಲಿತ್ತು. ಆಮೇಲೆ ಬಲ, ಎಡ, ಹಾರಿದ. ಚೆಂಡು ಬುಟ್ಟಿಗೆ ಬಿತ್ತು. ಸೀಟಿಯೂ ಬಿತ್ತು. ಟ್ರಾವೆಲ್! ಪಂದ್ಯ ಕೈಬಿಟ್ಟು ಹೋಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಕೇಳಿದ್ದು ಒಂದೇ ಮಾತು: ‘ಮಿಸ್, ನಾನು ಎಷ್ಟು ಹೆಜ್ಜೆ ಇಟ್ಟೆ?’ ನನ್ನ ಹತ್ತಿರ ಖಚಿತವಾದ ಉತ್ತರ ಇರಲಿಲ್ಲ. ಅದು ನನ್ನನ್ನು ತುಂಬಾ ಕಾಡಿತು.

ಅವತ್ತು ರಾತ್ರಿ ಹುಡುಕುತ್ತಾ ಕೂತಾಗ ಸಿಕ್ಕಿದ್ದು ಎನ್‌ಬಿಎಯ ವಿಡಿಯೋ ರೂಲ್‌ಬುಕ್. ಅಮೆರಿಕದ ಆ ಬಾಸ್ಕೆಟ್‌ಬಾಲ್ ಲೀಗ್ ತನ್ನ ನಿಯಮಗಳನ್ನು ನಿಜವಾದ ಪಂದ್ಯಗಳ ತುಣುಕುಗಳ ಮೂಲಕ ವಿವರಿಸುವ ಜಾಲತಾಣ ಇದು. ದುಡ್ಡು ಕೊಡಬೇಕಿಲ್ಲ. ಫೌಲ್, ಗೋಲ್‌ಟೆಂಡಿಂಗ್ (ಬುಟ್ಟಿಯತ್ತ ಇಳಿಯುತ್ತಿರುವ ಚೆಂಡನ್ನು ತಡೆಯುವುದು), ಟ್ರಾವೆಲ್ ಹೀಗೆ ವಿಭಾಗ ಮಾಡಿ ಇಟ್ಟಿದ್ದಾರೆ. ಒಂದು ತುಣುಕು, ಜೊತೆಗೆ ಚಿಕ್ಕ ವಿವರಣೆ. ತುಣುಕುಗಳು ಪುಟ್ಟವು, ಮೊಬೈಲಿನಲ್ಲೇ ಆರಾಮಾಗಿ ನೋಡಬಹುದು. ನಾನು ಟ್ರಾವೆಲ್ ವಿಭಾಗದಲ್ಲೇ ಮೂರು ರಾತ್ರಿ ಕಳೆದೆ.

ಅಲ್ಲಿ ನನ್ನ ಕಣ್ಣು ತೆರೆಸಿದ ಪದ ‘ಗ್ಯಾದರ್’. ಅಂದರೆ ಚೆಂಡು ಪೂರ್ತಿ ಕೈವಶವಾಗುವ ಗಳಿಗೆ. ಡ್ರಿಬಲ್ ಮಾಡುತ್ತಿರುವವನು ಎರಡೂ ಕೈಯನ್ನು ಚೆಂಡಿನ ಮೇಲೆ ಇಟ್ಟರೆ, ಅಥವಾ ಚೆಂಡಿನ ಕೆಳಗೆ ಕೈ ಕೊಟ್ಟು ಅದನ್ನು ತಡೆದು ನಿಲ್ಲಿಸಿದರೆ, ಅಥವಾ ಹಿಡಿದುಕೊಳ್ಳುವಷ್ಟು, ಪಾಸ್ ಕೊಡುವಷ್ಟು ಹಿಡಿತ ಸಿಕ್ಕಿದರೆ, ಅದು ಗ್ಯಾದರ್. ಹೆಜ್ಜೆಯ ಎಣಿಕೆ ಶುರುವಾಗುವುದು ಅದರ ನಂತರ. ಆ ಗಳಿಗೆಯಲ್ಲಿ ಆಗಲೇ ನೆಲದ ಮೇಲಿರುವ ಕಾಲು ಲೆಕ್ಕಕ್ಕಿಲ್ಲ. ಅದನ್ನು ಸೊನ್ನೆ ಹೆಜ್ಜೆ ಅನ್ನುತ್ತಾರೆ. ಅದಾದ ಮೇಲೆ ಎರಡು ಹೆಜ್ಜೆ ಇಡಬಹುದು. ಗ್ಯಾಲರಿಯಲ್ಲಿ ಕೂತವರಿಗೆ ಮೂರು ಹೆಜ್ಜೆ ಕಾಣುವುದು ಇದರಿಂದಲೇ. ಕಾಲು ನೋಡುವ ಮೊದಲು ಕೈ ನೋಡಬೇಕು. ಇಷ್ಟು ವರ್ಷ ನಾನು ಬರೀ ಕಾಲು ನೋಡುತ್ತಿದ್ದೆ.

ಒಬ್ಬ ಪೋಷಕರು ಆ ಪಂದ್ಯವನ್ನು ಫೋನಿನಲ್ಲಿ ಹಿಡಿದಿದ್ದರು. ನಿಧಾನವಾಗಿ ಓಡಿಸಿ ನೋಡಿದೆ. ಎಡಗಾಲು ನೆಲದಲ್ಲಿ, ಚೆಂಡು ಎರಡೂ ಕೈಯಲ್ಲಿ: ಸೊನ್ನೆ. ಬಲ: ಒಂದು. ಎಡ: ಎರಡು. ಹುಡುಗ ಸರಿಯಾಗಿಯೇ ಆಡಿದ್ದ. ನಮ್ಮಲ್ಲಿ ಆಡುವುದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದಂತೆ, ನಿಜ. ಆದರೆ ಫಿಬಾ ಕೂಡ 2017ರ ಅಕ್ಟೋಬರಿನಿಂದ ಇದೇ ಎಣಿಕೆಗೆ ಬಂದಿದೆ. ಅದಕ್ಕೇ ಈ ಅಮೆರಿಕದ ತುಣುಕುಗಳು ನಮ್ಮ ಮಕ್ಕಳಿಗೂ ಉಪಯೋಗಕ್ಕೆ ಬರುತ್ತವೆ.

ಈ ನಿಯಮ ಬೆಳೆದು ಬಂದ ದಾರಿಯನ್ನೂ ಸ್ವಲ್ಪ ಹೇಳಬೇಕು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಈ ಆಟ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಮೂರನೆಯದೇ ಇದು: ಚೆಂಡು ಹಿಡಿದು ಓಡಬಾರದು, ಹಿಡಿದ ಜಾಗದಿಂದಲೇ ಎಸೆಯಬೇಕು. ಆದರೆ ಜೋರಾಗಿ ಓಡುತ್ತಾ ಚೆಂಡು ಹಿಡಿದವನಿಗೆ ಅಲ್ಲೇ ಒಂದಿಷ್ಟು ವಿನಾಯಿತಿಯನ್ನೂ ಕೊಟ್ಟಿದ್ದರು. ಓಡುವ ದೇಹ ಥಟ್ಟನೆ ನಿಲ್ಲುವುದಿಲ್ಲ ಅಂತ ಅವರಿಗೆ ಮೊದಲ ದಿನವೇ ಗೊತ್ತಿತ್ತು. ಎನ್‌ಬಿಎಯಲ್ಲಂತೂ ಬಹಳ ಕಾಲ ಪುಸ್ತಕದ ಮಾತು ಒಂದು, ಅಂಕಣದ ರೂಢಿ ಇನ್ನೊಂದು ಆಗಿತ್ತು. 2009ರ ಜನವರಿಯಲ್ಲಿ ವಾಷಿಂಗ್ಟನ್ ವಿಝರ್ಡ್ಸ್ ವಿರುದ್ಧ ಕೊನೆಯ ಕ್ಷಣಗಳಲ್ಲಿ ತಾರಾ ಆಟಗಾರ ಲೆಬ್ರಾನ್ ಜೇಮ್ಸ್‌ಗೆ ಟ್ರಾವೆಲ್ ಕೊಟ್ಟರು. ಅದು ‘ಕ್ರ್ಯಾಬ್ ಡ್ರಿಬಲ್’, ಸರಿಯಾದ ಆಟವೇ ಅಂತ ಅವರು ವಾದಿಸಿದರು. ಆಗ ಎಷ್ಟು ಚರ್ಚೆ ನಡೆಯಿತು! ಅದೇ ವರ್ಷ ಅಕ್ಟೋಬರಿನಲ್ಲಿ, ಹೊಸ ಸೀಸನ್‌ಗೆ ಮುಂಚೆ, ಎರಡು ಹೆಜ್ಜೆ ಇಡಬಹುದು ಅಂತ ಪುಸ್ತಕದಲ್ಲೇ ಸ್ಪಷ್ಟವಾಗಿ ಬರೆದರು. 2019ರಲ್ಲಿ ಗ್ಯಾದರ್ ಎಂದರೇನು ಅಂತ ಇನ್ನೂ ಬಿಡಿಸಿ ಹೇಳಿದರು.

ಎರಡು ಹೆಜ್ಜೆಯನ್ನು ಒಂದಕ್ಕೆ ಇಳಿಸಿ ಅಂತ ಹೇಳುವವರು ಈಗಲೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಯೂರೋಸ್ಟೆಪ್ ನೋಡಿದ್ದೀರಲ್ವಾ? ಒಂದು ಹೆಜ್ಜೆ ಈ ಕಡೆ, ಇನ್ನೊಂದು ಆ ಕಡೆ. ಲಿಥುವೇನಿಯಾದ ಶರೂನಸ್ ಮಾರ್ಚುಲ್ಯೋನಿಸ್ ಅದನ್ನು ಎನ್‌ಬಿಎಗೆ ತಂದರು. ಅರ್ಜೆಂಟೀನಾದ ಮನು ಜಿನೋಬಿಲಿ ಅದನ್ನು ಮನೆಮಾತಾಗಿಸಿದರು. ಎರಡನೇ ಹೆಜ್ಜೆ ಕಿತ್ತುಕೊಂಡರೆ ಆ ಚೆಲುವೇ ಹೋಗುತ್ತದೆ. ಕುಳ್ಳಗಿರುವ ಮಕ್ಕಳಿಗೆ ಎತ್ತರದ ಡಿಫೆಂಡರ್‌ನನ್ನು ದಾಟಿ ಹೋಗಲು ಇರುವ ಒಳ್ಳೆಯ ದಾರಿ ಅದು.

ಬಿಗಿ ಮಾಡಬೇಕಾಗಿರುವುದು ಡ್ರಿಬಲ್‌ನ ಕೊನೆಯಲ್ಲಲ್ಲ, ಆರಂಭದಲ್ಲಿ. ನಿಂತಲ್ಲೇ ಚೆಂಡು ಹಿಡಿದವನು ಹೊರಡುವಾಗ, ಚೆಂಡು ಕೈಬಿಡುವ ಮೊದಲು ಪಿವಟ್ ಕಾಲು (ನೆಲಕ್ಕೆ ಊರಿಟ್ಟು ತಿರುಗುವ ಕಾಲು) ಎತ್ತಬಾರದು. ನಿಯಮ ಸ್ಪಷ್ಟವಾಗಿಯೇ ಇದೆ. ಆದರೆ ದೊಡ್ಡ ಪಂದ್ಯಗಳಲ್ಲಿ ಸೀಟಿ ಬೀಳದ ಟ್ರಾವೆಲ್‌ಗಳಲ್ಲಿ ಇದೇ ಜಾಸ್ತಿ ಅಂತ ನನ್ನ ಅನಿಸಿಕೆ. ಮೊದಲ ಹೆಜ್ಜೆಯಲ್ಲೇ ಡಿಫೆಂಡರ್ ಹಿಂದೆ ಬಿದ್ದರೆ ಅವನಿಗೆ ಆಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಇದು ಅನ್ಯಾಯ. ಮಕ್ಕಳು ಅದನ್ನು ಟಿವಿಯಲ್ಲಿ ನೋಡಿ ಹಾಗೇ ಆಡುತ್ತಾರೆ. ಮರುದಿನ ಅಭ್ಯಾಸಕ್ಕೆ ಬಂದಾಗ ನಾನು ಅದನ್ನು ಬಿಡಿಸಲು ಹೆಣಗಬೇಕು.

ಇನ್ನೊಂದು ಬದಲಾವಣೆಯನ್ನೂ ನಾನು ಮನಸಾರೆ ಬಯಸುತ್ತೇನೆ. ಎನ್‌ಬಿಎಯಲ್ಲಿ 2019-20ರಿಂದ ಕೋಚ್ ಚಾಲೆಂಜ್ ಇದೆ. ಫೌಲ್, ಚೆಂಡು ಹೊರಗೆ ಹೋದದ್ದು, ಗೋಲ್‌ಟೆಂಡಿಂಗ್ ಇವನ್ನು ಪ್ರಶ್ನಿಸಬಹುದು. ಟ್ರಾವೆಲ್‌ಗೆ ಆ ಅವಕಾಶ ಇಲ್ಲ. ಕೊನೆಯ ಎರಡು ನಿಮಿಷದಲ್ಲಾದರೂ ಕೊಡಬೇಕು. 2015ರಿಂದ ಬಿಗಿಯಾದ ಪಂದ್ಯಗಳ ಕೊನೆಯ ಎರಡು ನಿಮಿಷದ ತೀರ್ಪುಗಳು ಸರಿಯೋ ತಪ್ಪೋ ಅಂತ ಮರುದಿನ ವರದಿ ಪ್ರಕಟಿಸುತ್ತಾರೆ. ಒಳ್ಳೆಯದೇ. ಆದರೆ ಫಲಿತಾಂಶ ಬದಲಾಗುವುದಿಲ್ಲ. ಆಟಗಾರನಿಗೆ ನ್ಯಾಯ ಬೇಕಾಗಿರುವುದು ಅಂಕಣದಲ್ಲೇ, ಅಲ್ವಾ?

ಈಗ ಜಾಲತಾಣದ ಬಗ್ಗೆ ಉಳಿದ ಎರಡು ಮಾತು. ವಿವರಣೆ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ನಾನೇ ಬಿಡಿಸಿ ಹೇಳುತ್ತೇನೆ. ಗ್ಯಾದರ್‌ಗೆ ‘ಚೆಂಡು ಕೈಗೆ ಕೂತಿತು’ ಅನ್ನುತ್ತೇವೆ, ಅವರಿಗೆ ಥಟ್ಟನೆ ಹಿಡಿಯಿತು. ಎನ್‌ಬಿಎಯ ಎಲ್ಲ ನಿಯಮ ನಮ್ಮಲ್ಲಿ ನಡೆಯುವುದಿಲ್ಲ ಅನ್ನುವುದೂ ನೆನಪಿರಲಿ. ಯಾರನ್ನೂ ಹತ್ತಿರದಿಂದ ಕಾಯದ ಡಿಫೆಂಡರ್ ಬುಟ್ಟಿಯ ಕೆಳಗಿನ ಗೆರೆಯೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಅನ್ನುವ ನಿಯಮ ಫಿಬಾದಲ್ಲಿ ಇಲ್ಲ. ಹಾಗಾಗಿ ಎಳೆಯ ಮಕ್ಕಳ ಕೈಗೆ ಸುಮ್ನೆ ಫೋನ್ ಕೊಟ್ಟು ನೋಡಿಕೊಳ್ಳಿ ಅನ್ನಬೇಡಿ. ಪಕ್ಕದಲ್ಲಿ ಕೂತು ತೋರಿಸಿ. ಶಾಲೆಗಳ ಪಿಟಿ ಮೇಷ್ಟರುಗಳು, ಸ್ಥಳೀಯ ಪಂದ್ಯಗಳಿಗೆ ಸೀಟಿ ಹಿಡಿಯುವವರು ಟ್ರಾವೆಲ್ ವಿಭಾಗವನ್ನು ಒಮ್ಮೆ ಪೂರ್ತಿ ನೋಡಲೇಬೇಕು. ಅರ್ಧ ದಿನ ಸಾಕು. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ.

ಆ ಹುಡುಗನಿಗೆ ಅವನದೇ ವಿಡಿಯೋ ತೋರಿಸಿದೆ. ಮೂರು ಸಲ ನೋಡಿದ. ನಾಲ್ಕನೇ ಸಲ ತಾನೇ ಬಾಯಿಬಿಟ್ಟು ಎಣಿಸಿದ. ಈಗ ನಮ್ಮ ಅಂಕಣದಲ್ಲಿ ಬೆಳಗ್ಗೆ ಆರು ಗಂಟೆಗೆ ಕೇಳಿಸುವುದು ‘ಸೊನ್ನೆ, ಒಂದು, ಎರಡು, ಹಾರು!’