ಕೊಲೆಗಾರ ಯಾರೆಂದು ಮೊದಲೇ ಗೊತ್ತು, ಆದರೂ ‘ಕೊಲಂಬೊ’ ಬಿಡಲಾಗುತ್ತಿಲ್ಲ

ಪತ್ತೇದಾರಿ ಕಥೆ ಅಂದ ಮೇಲೆ ಕೊಂದವರು ಯಾರು ಅಂತ ಕೊನೆವರೆಗೂ ಗೊತ್ತಾಗಬಾರದು, ಅಲ್ವಾ? ಹಾಗಾಗಿ ಅಮೆರಿಕದ ಹಳೇ ಟಿವಿ ಸರಣಿ ‘ಕೊಲಂಬೊ’ದ ಡಿವಿಡಿ ಸೆಟ್ ತಂದ ಹೊಸದರಲ್ಲಿ ನನಗೆ ಸಿಟ್ಟೇ ಬಂದಿತ್ತು. ಶುರುವಿನಲ್ಲೇ ಯಾರು ಕೊಂದರು, ಹೇಗೆ ಕೊಂದರು ಎಲ್ಲ ತೋರಿಸಿಬಿಡುತ್ತಾರೆ. ಪತ್ತೇದಾರ ಇನ್ನೂ ಬಂದೇ ಇರುವುದಿಲ್ಲ!

ಜೊತೆಗೆ ಡಿಸ್ಕ್‌ಗಳ ಕಾಟ. ಎರಡೂ ಮಗ್ಗುಲಲ್ಲಿ ಕಂತುಗಳಿವೆ, ಹಿಡಿಯಲು ಜಾಗವೇ ಇಲ್ಲ. ಒಂದು ಗೀರು ಬಿದ್ದರೆ ಚಿತ್ರ ಅಲ್ಲೇ ನಿಲ್ಲುತ್ತದೆ. ತಿಂಗಳ ಖರ್ಚಿನಲ್ಲಿ ಉಳಿಸಿ ತಂದ ಸೆಟ್ಟು, ಹೊಟ್ಟೆ ಉರಿಯದೆ ಇರುತ್ತದಾ? ಈಗ ಶನಿವಾರ ರಾತ್ರಿ ಊಟ ಮುಗಿಸಿ, ಹಳೇ ಪಂಚೆಯ ತುಂಡಿನಿಂದ ಡಿಸ್ಕನ್ನು ನಡುವಿನಿಂದ ಅಂಚಿಗೆ ಮೆಲ್ಲಗೆ ಒರೆಸಿ ಹಾಕುತ್ತೇನೆ. ಅಷ್ಟರಲ್ಲಿ ಅಮ್ಮ ಕಡ್ಲೆಕಾಯಿ ಹುರಿದು ತಂದಿರುತ್ತಾರೆ.

ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಈ ಸರಣಿಯ ರುಚಿ ನನಗೆ ಹತ್ತಿದ್ದು ಅವರು ಪಕ್ಕದಲ್ಲಿ ಕೂತ ಮೇಲೆಯೇ. ಕೊಲೆಯ ಭಾಗಕ್ಕೆ ಹೆಚ್ಚು ಮಾತೇ ಬೇಕಿಲ್ಲ. 1971ರ ಮೊದಲ ಸೀಸನ್ ಶುರುವಾಗುವ ಕಂತನ್ನೇ ನೋಡಿ. ನಿರ್ದೇಶಿಸಿದ್ದು 24 ವರ್ಷದ ಸ್ಟೀವನ್ ಸ್ಪೀಲ್‌ಬರ್ಗ್. ಲಾಸ್ ಏಂಜಲೀಸ್‌ನ ರಸ್ತೆಯಲ್ಲಿ ಕಾರು ಬರುತ್ತಿದೆ, ಆದರೆ ಕೇಳಿಸುವುದು ಟೈಪ್‌ರೈಟರಿನ ಟಕಟಕ ಮಾತ್ರ. ಎತ್ತರದ ಕಟ್ಟಡದಲ್ಲಿ ಒಬ್ಬ ಬರಹಗಾರ ಕೂತು ಬರೆಯುತ್ತಿದ್ದಾನೆ, ಕೆಳಗೆ ಅವನನ್ನು ಕೊಲ್ಲುವವನು ಬರುತ್ತಿದ್ದಾನೆ. ಅಮ್ಮ ಕಡ್ಲೆಕಾಯಿ ಬಿಡಿಸುವುದನ್ನೇ ನಿಲ್ಲಿಸಿದರು.

ಆಮೇಲೆ ಬರುತ್ತಾನೆ ಪೊಲೀಸ್ ಪತ್ತೇದಾರ ಕೊಲಂಬೊ. ಸುಕ್ಕುಸುಕ್ಕಾದ ರೇನ್‌ಕೋಟು, ಬೆರಳ ಸಂದಿಯಲ್ಲಿ ಚುಟ್ಟಾ, ಹಳೇ ಪೂಜೋ ಕಾರು. ರೇನ್‌ಕೋಟು ನಟ ಪೀಟರ್ ಫಾಕ್ ಅವರ ಸ್ವಂತದ್ದು. ಮಾತು ಮಾತಿಗೆ ಹೆಂಡತಿಯ ವಿಷಯ ತೆಗೆಯುತ್ತಾನೆ, ಆ ಹೆಂಡತಿ ಒಮ್ಮೆಯೂ ಕಾಣಿಸುವುದಿಲ್ಲ. ಕೊಂದವರೋ ದೊಡ್ಡ ಬಂಗಲೆಯ ಜನ. ಇವನನ್ನು ಲೆಕ್ಕಕ್ಕೇ ಇಡುವುದಿಲ್ಲ. ಪ್ರಶ್ನೆ ಮುಗಿಸಿ ಹೊರಟು ಬಾಗಿಲವರೆಗೆ ಹೋಗುತ್ತಾನೆ. ಕೊಲೆಗಾರ ಉಸಿರು ಬಿಡುತ್ತಾನೆ. ಅಷ್ಟರಲ್ಲಿ ಹಣೆ ಕೆರೆದುಕೊಳ್ಳುತ್ತಾ ತಿರುಗಿ, “ಇನ್ನೊಂದೇ ಒಂದು ವಿಷಯ ಸರ್...” ಆ ಗಳಿಗೆಯಲ್ಲಿ ಎದುರಿಗಿನವನ ಮುಖ ನೋಡಬೇಕು! ನಗು ಹಾಗೇ ಇರುತ್ತದೆ, ಕಣ್ಣು ಮಾತ್ರ ಬದಲಾಗುತ್ತದೆ. ಕೊಂದಿದ್ದು ಇವನೇ ಅಂತ ನಮಗೆ ಮೊದಲೇ ಗೊತ್ತಿರುವುದರಿಂದಲೇ ಅದು ಕಾಣುವುದು. ಗೊತ್ತಿಲ್ಲದಿದ್ದರೆ ನಾವು ಸುಳಿವು ಹುಡುಕುತ್ತಾ ಕೂತಿರುತ್ತಿದ್ದೆವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1973ರ ವೈನ್ ಕಂತು. ದ್ರಾಕ್ಷಿತೋಟ ಮಾರಲು ಹೊರಟ ಮಲತಮ್ಮನನ್ನು ಕೊಲ್ಲುವ ಪಾತ್ರದಲ್ಲಿ ಡೊನಾಲ್ಡ್ ಪ್ಲೆಸೆನ್ಸ್. ವೈನ್ ಅಂದರೆ ಪ್ರಾಣ ಬಿಡುವ ಮನುಷ್ಯ. ಅವನನ್ನು ಹಿಡಿಯಲು ಕೊಲಂಬೊ ವೈನ್ ಬಗ್ಗೆ ಶ್ರದ್ಧೆಯಿಂದ ಕಲಿಯುತ್ತಾನೆ. ಸಿಕ್ಕಿಬಿದ್ದ ಮೇಲೆ ಇಬ್ಬರೂ ಆ ಲಟಾರಿ ಕಾರಿನಲ್ಲೇ ಕೂತು ವೈನ್ ಕುಡಿಯುತ್ತಾರೆ. ಹೇಗೆ ಸಿಕ್ಕಿಬಿದ್ದ ಅಂತ ಹೇಳಲ್ಲ, ನೋಡಿ. ಪೊಲೀಸನೊಬ್ಬ ಕೊಲೆಗಾರನಿಗೆ ಇಷ್ಟು ಮರ್ಯಾದೆ ಕೊಡುವುದನ್ನು ನಾನು ಬೇರೆ ಯಾವ ಸರಣಿಯಲ್ಲೂ ನೋಡಿಲ್ಲ.

ಕೊರತೆ ಇಲ್ಲವೇ? ಇದೆ. ಒಂದೂವರೆ ಗಂಟೆಯ ಕಂತುಗಳಲ್ಲಿ ಕೆಲವನ್ನು ಸುಮ್ನೆ ಎಳೆದಿದ್ದಾರೆ. 1978ಕ್ಕೆ ನಿಂತು 1989ರಲ್ಲಿ ಮತ್ತೆ ಶುರುವಾದವುಗಳಲ್ಲಿ ಆ ಹಳೇ ಬಿಗಿ ಇಲ್ಲ. ಒಟ್ಟು 69 ಕಂತುಗಳಿವೆ. ಜಾಸ್ತಿ ದುಡ್ಡು ಹಾಕಲು ಮನಸ್ಸಿಲ್ಲದವರು ಎಪ್ಪತ್ತರ ದಶಕದ ಸೀಸನ್‌ಗಳನ್ನಷ್ಟೇ ಕೊಳ್ಳಿ, ಸಾಕು. ಎರಡು ಮಗ್ಗುಲಿನ ಡಿಸ್ಕ್ ಮಾತ್ರ ಬೇಡ. ಒಂದೇ ಮಗ್ಗುಲಿನದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತನ್ನಿ.