ಐದು ಮೈ, ಒಂದು ಥಾನು

ಮದುವೆ ಗೊತ್ತಾದ ವಾರದಲ್ಲೇ ತಂಗಿ ಒಂದು ಹುಕುಂ ಹೊರಡಿಸಿದಳು. ತನ್ನ ಪಕ್ಕದಲ್ಲಿ ನಿಲ್ಲುವ ಐವರೂ ಒಂದೇ ಬಣ್ಣದಲ್ಲಿರಬೇಕು, ಆದರೆ ಯಾರೂ ಸಮವಸ್ತ್ರ ತೊಟ್ಟಂತೆ ಕಾಣಬಾರದು. ಮೊದಲ ಮಾತನ್ನು ದರ್ಜಿ ನಡೆಸಿಕೊಡಬಹುದು, ಎರಡನೆಯದಕ್ಕೆ ಮಂತ್ರವಾದಿ ಬೇಕು ಎಂದೆ. "ಅದಕ್ಕೇ ನಿನಗೆ ವಹಿಸಿದ್ದೇನೆ ಅಕ್ಕಾ" ಎಂದು ಎದ್ದು ಹೋದಳು.

ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ತಪ್ಪು ಹುಡುಕುತ್ತಿರುವವಳಿಗೆ ಬಟ್ಟೆಯ ಹೊಲಿಗೆಯೂ ಒಂದು ಪುಟದಂತೆಯೇ ಕಾಣುತ್ತದೆ. ಮದುವೆ ಬಳಗಕ್ಕೆಂದೇ ಉಡುಪು ಹೊಲಿದುಕೊಡುವ ಸೇವೆಯೊಂದಕ್ಕೆ ಕೆಲಸ ಒಪ್ಪಿಸಿದೆವು. ಅದರ ಹೆಸರು ಬರೆಯುವುದಿಲ್ಲ. ಅವರು ಮಾಡಿದ ತಪ್ಪುಗಳನ್ನು ಬೇರೆಯವರೂ ಮಾಡುತ್ತಾರೆ. ಅವರಲ್ಲಿದ್ದ ಒಬ್ಬ ಕುಶಲಗಾರ್ತಿಯಂಥವರು ಮಾತ್ರ ಎಲ್ಲ ಕಡೆ ಸಿಗುವುದಿಲ್ಲ.

ಅವರ ಕ್ರಮ ಹೀಗಿತ್ತು. ಮೊದಲು ಒಂದು ಪ್ರಶ್ನಾವಳಿ, ಆಮೇಲೆ ಬಟ್ಟೆಯ ತುಂಡುಗಳ ಕಾರ್ಡು, ಅಳತೆ, ಎರಡು ಟ್ರಯಲ್, ಕೊನೆಗೆ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡಿದ ಉಡುಪು. ಟ್ರಯಲ್ ಕೋಣೆಯಲ್ಲಿ ಮೂರು ಕಡೆ ಆಳೆತ್ತರದ ಕನ್ನಡಿ, ನಡುವೆ ಒಂದು ಗಿಡ್ಡ ವೇದಿಕೆ, ತಲೆಯ ಮೇಲೆ ಬಿಳಿ ದೀಪಗಳು. ಕೂರಲು ಒಂದು ಕುರ್ಚಿಯೂ ಇರಲಿಲ್ಲ.

ಪ್ರಶ್ನಾವಳಿಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ, ಸಿಟ್ಟು ಇನ್ನೂ ಆರಿಲ್ಲ. ನಮ್ಮ ಮೈ ಸೇಬೋ, ಪೇರ್ ಹಣ್ಣೋ, ಮರಳುಗಡಿಯಾರವೋ, ತಲೆಕೆಳಗಾದ ತ್ರಿಕೋನವೋ ಎಂದು ಗುರುತು ಹಾಕಬೇಕು. ಹಾಕಿದರೆ ಯಾವ ಭಾಗ ಮುಚ್ಚಬೇಕು ಎಂಬ ಪಟ್ಟಿ ಬರುತ್ತದೆ. ತಂಗಿಯ ಗೆಳತಿಯೊಬ್ಬಳು ಈಜುಗಾರ್ತಿ, ಎತ್ತರ, ಅಗಲ ಭುಜ. ಅವಳಿಗೆ ತ್ರಿಕೋನದ ಬಿರುದು ಸಿಕ್ಕಿತು, ಭುಜ ಮುಚ್ಚುವ ತೋಳು ಹಾಕಿಸಿಕೊಳ್ಳಬೇಕೆಂಬ ಸಲಹೆಯೂ ಬಂತು. ವರ್ಷಗಟ್ಟಲೆ ನೀರಿನಲ್ಲಿ ದುಡಿದು ಬೆಳೆಸಿಕೊಂಡ ಭುಜ ಅದು! ಅವಳು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು, ಏನೂ ಹೇಳಲಿಲ್ಲ. ಆ ಮೌನವೇ ನನಗೆ ಹೆಚ್ಚು ಚುಚ್ಚಿತು. ಮೈಯನ್ನು ತಪ್ಪುಗಳ ಪಟ್ಟಿಯಂತೆ ಓದುವವರು ಉಡುಪು ಹೊಲಿಯಬಾರದು. ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು ಈ ಮಾತು ಹೇಳುತ್ತಿದ್ದೇನೆ.

ಬಟ್ಟೆಯ ಕಾರ್ಡು ಮಾತ್ರ ಚಿನ್ನದಂಥದ್ದು. ಅಂಗೈಯಗಲದ ತುಂಡುಗಳು, ಒಂದೇ ಬಣ್ಣದಲ್ಲಿ ನಾಲ್ಕು ಬಗೆ. ತಂಗಿ ಆರಿಸಿದ್ದು ಒಣಗಿದ ಗುಲಾಬಿಯ ಬಣ್ಣ, ಕೇಳಿದ್ದು ಸ್ಯಾಟಿನ್. ಸ್ಯಾಟಿನ್ ಎನ್ನುವುದು ನೂಲಿನ ಹೆಸರಲ್ಲ, ನೇಯ್ಗೆಯ ಹೆಸರು ಎಂಬುದು ಅವಳಿಗೆ ಗೊತ್ತಿರಲಿಲ್ಲ. ರೇಷ್ಮೆಯಲ್ಲೂ ನೇಯಬಹುದು, ಪಾಲಿಯೆಸ್ಟರಿನಲ್ಲೂ ನೇಯಬಹುದು. ಒಂದು ಎಳೆ ಹಲವು ಎಳೆಗಳ ಮೇಲೆ ಉದ್ದಕ್ಕೆ ತೇಲಿಕೊಂಡು ಹೋಗಿ ಆಮೇಲೊಮ್ಮೆ ಮುಳುಗುತ್ತದೆ. ಹಾಗಾಗಿ ಮೇಲ್ಮೈ ನುಣುಪಾಗಿ, ಬೆಳಕನ್ನು ಕನ್ನಡಿಯಂತೆ ಎಸೆಯುತ್ತದೆ. ಚೆಂದವೇ. ಆದರೆ ಹೊಟ್ಟೆಯ ಮೇಲಿನ ಸಣ್ಣ ಸುಕ್ಕು, ಒಳ ಉಡುಪಿನ ಅಂಚು, ಬಿಗಿಯಾದ ಹೊಲಿಗೆಯ ಎಳೆತ ಎಲ್ಲವೂ ಆ ಹೊಳಪಿನಲ್ಲಿ ಗೆರೆ ಎಳೆದಂತೆ ಕಾಣುತ್ತವೆ. ಕ್ರೇಪ್ ಅದಕ್ಕೆ ವಿರುದ್ಧ. ಬಿಗಿಯಾಗಿ ಹುರಿಗೊಳಿಸಿದ ನೂಲು, ಮರಳು ಸವರಿದಂಥ ಮೈ, ಬೆಳಕನ್ನು ಚದುರಿಸಿ ಸುಮ್ಮನಾಗುತ್ತದೆ. ಐದು ಬೇರೆ ಬೇರೆ ಮೈಗೆ ಒಂದೇ ಬಟ್ಟೆ ಎಂದಾದರೆ ನನ್ನ ಮತ ಕ್ರೇಪಿಗೆ.

ತುಂಡುಗಳನ್ನು ಮನೆಗೆ ತಂದು ನಾನೇ ಪರೀಕ್ಷೆ ಮಾಡಿದೆ. ಮುಷ್ಟಿಯಲ್ಲಿ ಒಂದು ನಿಮಿಷ ಹಿಡಿದು ಬಿಟ್ಟೆ. ಸುಕ್ಕು ಉಳಿಯುವುದು ಯಾವುದು ಎಂದು ಗೊತ್ತಾಯಿತು. ನೀರಿನ ಹನಿ ಬಿಟ್ಟೆ. ಬೆವರಿನ ಕಲೆ ಎಷ್ಟು ಎದ್ದು ಕಾಣುತ್ತದೆ ಎಂದು ಗೊತ್ತಾಯಿತು. ಕಿಟಕಿಗೆ ಹಿಡಿದೆ, ಬೆರಳು ಕಂಡಿತು. ಫೋಟೋದ ಫ್ಲ್ಯಾಷ್ ಬೆಳಕಿಗೆ ಲೈನಿಂಗ್ ಇಲ್ಲದೆ ಇದು ನಿಲ್ಲುವುದಿಲ್ಲ. ಕೊನೆಗೆ ಐವರ ಗದ್ದದ ಕೆಳಗೂ ಒಂದೊಂದು ಸಲ ಹಿಡಿದೆ. ನಾಲ್ವರಿಗೆ ಒಪ್ಪಿತು. ಐದನೆಯವಳು ಮೂರು ತಿಂಗಳ ಕೂಸಿನ ತಾಯಿ, ನಿದ್ದೆಗೆಟ್ಟವಳು. ಆ ಬಣ್ಣ ಅವಳ ಮುಖದ ಕಳೆಯನ್ನು ಹೀರಿಬಿಟ್ಟಿತು.

ಇದು ನನ್ನ ಕಲ್ಪನೆಯಲ್ಲ. ಚಿತ್ರ ನೇಯ್ದ ಗೋಡೆಪರದೆಗಳಿಗೆ ಹೆಸರಾದ ಪ್ಯಾರಿಸಿನ ಗೊಬೆಲಿನ್ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಣೆ ನೋಡುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್, ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸುತ್ತವೆ ಎಂದು 1839ರಲ್ಲೇ ವಿವರವಾಗಿ ಬರೆದಿದ್ದಾನೆ. ನೂಲಿನ ಬಣ್ಣ ಮಂಕಾಗಿದೆ ಎಂಬ ದೂರು ಬಂದಾಗ ಆತ ಕಂಡುಕೊಂಡದ್ದು, ದೋಷ ಬಣ್ಣದ್ದಲ್ಲ, ನೆರೆಯ ನೂಲಿನದು ಎಂದು. ಮುಖಕ್ಕೂ ಕತ್ತಿನ ಪಟ್ಟಿಗೂ ಇರುವುದು ಅದೇ ನೆರೆಹೊರೆಯ ಸಂಬಂಧ. ಬಣ್ಣ ಬದಲಿಸಲು ತಂಗಿ ಒಪ್ಪುವುದಿಲ್ಲ ಎಂದ ಮೇಲೆ ನೆರೆಯನ್ನು ದೂರ ಸರಿಸಬೇಕು. ಕೂಸಿನ ತಾಯಿಗೆ ಕತ್ತು ತುಸು ಕೆಳಗಿಳಿದು, ಅಂಚಿಗೆ ಕೆನೆಬಣ್ಣದ ಸಣ್ಣ ಪಟ್ಟಿ ಬಂದಿತು. ಮುಖಕ್ಕೆ ಕಳೆ ಮರಳಿತು.

ಈ ಉಪಾಯ ಹೇಳಿದ್ದು ಅವರಲ್ಲಿ ಕತ್ತರಿ ಹಿಡಿಯುವ ಹಿರಿಯ ಹೆಂಗಸು. ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ, ಕೊರಳಲ್ಲಿ ಟೇಪು. ಪ್ರಶ್ನಾವಳಿಯ ಕಾಗದಗಳನ್ನು ಆಕೆ ತಿರುಗಿಸಿ, ಖಾಲಿ ಇದ್ದ ಹಿಂಬದಿಯಲ್ಲಿ ಅಳತೆ ಬರೆದುಕೊಂಡರು. ಅಲ್ಲಿಂದಲೇ ನನಗೆ ಆಕೆಯ ಮೇಲೆ ವಿಶ್ವಾಸ ಹುಟ್ಟಿತು.

"ಭುಜ ಕೂತರೆ ಮಿಕ್ಕದ್ದೆಲ್ಲ ಕೂರುತ್ತದೆ ಅಮ್ಮಾ" ಎನ್ನುತ್ತಿದ್ದರು. ಸೊಂಟವನ್ನು ಹಿಡಿಸಬಹುದು, ಅಂಚನ್ನು ಮಡಿಸಬಹುದು. ಭುಜದ ಹೊಲಿಗೆ ಜಾರಿದ್ದರೆ ಇಡೀ ಮೇಲ್ಭಾಗ ಬಿಚ್ಚಬೇಕು. ಸಿದ್ಧ ಉಡುಪು ಕೊಳ್ಳುವ ಅತಿಥಿಗಳೂ ಮೊದಲು ನೋಡಬೇಕಾದದ್ದು ಅದನ್ನೇ. ಎದೆಯ ಸುತ್ತಳತೆಗಿಂತ ಎರಡು ಮೂರು ಇಂಚು ಹೆಚ್ಚು ಸಡಿಲ ಬಿಡದೆ ಹಿಗ್ಗದ ಬಟ್ಟೆ ಹೊಲಿದರೆ ಉಸಿರಾಡಲೂ ಬಟ್ಟೆಯ ಅಪ್ಪಣೆ ಕೇಳಬೇಕಾಗುತ್ತದೆ.

ಈಜುಗಾರ್ತಿಗೆ ಆಕೆ ತೋಳನ್ನೇ ತೆಗೆದುಬಿಟ್ಟರು. ಕತ್ತಿನಿಂದ ಇಳಿಜಾರಾಗಿ ಬರುವ ಅಗಲವಾದ ಪಟ್ಟಿ, ಬರಿಯ ಭುಜ, ಕೆಳಗೆ ಕ್ರಾಸ್ ಆಗಿ ಕತ್ತರಿಸಿದ ಲಂಗ. ಬಟ್ಟೆಯನ್ನು ನೂಲಿನ ನೇರಕ್ಕೆ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಅದು ನೀರಿನಂತೆ ಮೈಗುಂಟ ಇಳಿಯುತ್ತದೆ. 1920ರ ದಶಕದ ಪ್ಯಾರಿಸಿನಲ್ಲಿ ಉಡುಪು ವಿನ್ಯಾಸಕಿ ಮಾಡ್ಲೆನ್ ವಿಯೊನೆ ಹೆಸರಾದದ್ದೇ ಈ ಕತ್ತರಿಯಿಂದ. ಹುಡುಗಿ ವೇದಿಕೆ ಹತ್ತಿದಾಗ ಮಿಕ್ಕ ನಾಲ್ವರೂ ಮಾತು ನಿಲ್ಲಿಸಿದರು. ಆದರೆ ಓರೆ ಬಟ್ಟೆಗೆ ಒಂದು ಗುಣವಿದೆ, ತೂಗುಬಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನೆ ಅಲ್ಲ. ಒಂದು ದಿನವಾದರೂ ತೂಗುಹಾಕಿ ಆಮೇಲೆ ಅಂಚು ಮಡಿಸಬೇಕು. ಆಕೆ ರಜೆಯಲ್ಲಿದ್ದ ದಿನ ಬೇರೆ ಯಾರೋ ಆತುರದಲ್ಲಿ ಮಡಿಸಿದರು. ಎರಡನೆಯ ಟ್ರಯಲ್‌ಗೆ ಬಂದಾಗ ಪಕ್ಕಗಳು ಒಂದು ಇಂಚು ಜೋತುಬಿದ್ದಿದ್ದವು. ಮತ್ತೆ ಬಿಚ್ಚಿ, ಮತ್ತೆ ತೂಗುಹಾಕಿ, ಮತ್ತೆ ಮಡಿಸಿದ್ದಾಯಿತು.

ನಮ್ಮ ಬಳಗದ ಸಣ್ಣ ಕಾಯದ ಹುಡುಗಿಗೆ ಮೊದಲು ಕೊಟ್ಟ ಉದ್ದ ಲಂಗ ಅವಳನ್ನು ನುಂಗಿಬಿಟ್ಟಿತ್ತು. ಅಂಚು ಮೀನಖಂಡದ ದಪ್ಪ ಭಾಗದಲ್ಲಿ ನಿಂತರೆ ಕಾಲು ಕತ್ತರಿಸಿದಂತೆ ಕಾಣುತ್ತದೆ. ಮಂಡಿಯ ಕೆಳಗೆ, ಕಾಲು ಸಣ್ಣಗಾಗುವ ಕಡೆ ನಿಲ್ಲಿಸಿ, ಸೊಂಟದ ಹೊಲಿಗೆಯನ್ನು ಎರಡು ಬೆರಳು ಮೇಲೆ ಕೊಟ್ಟರು. ಅಷ್ಟೇ.

ಏಳು ತಿಂಗಳ ಗರ್ಭಿಣಿಯ ಉಡುಪು ಎದೆಯ ಕೆಳಗಿನಿಂದಲೇ ನೆರಿಗೆ ಬಿಟ್ಟುಕೊಂಡು ಇಳಿಯಿತು. ಹೊಟ್ಟೆ ಮುಂದೆ ಬಂದಷ್ಟೂ ಬಟ್ಟೆ ಅದರ ಮೇಲೆ ಹಾದು ಬರಬೇಕು, ಮುಂದಿನ ಅಂಚು ಮೇಲೇರುತ್ತದೆ. ಮದುವೆಯ ದಿನದ ಹೊಟ್ಟೆಯನ್ನು ಊಹಿಸಿ ಮುಂಭಾಗದಲ್ಲಿ ಹೆಚ್ಚು ಮಡಿಕೆ ಬಿಟ್ಟಿದ್ದರು. ಊಹೆ ಸರಿಯಾಯಿತು. ಕೂಸಿನ ತಾಯಿಗೆ ಒಂದರ ಮೇಲೊಂದು ಬರುವ ಮುಂಭಾಗ, ಒಳಗೆ ಕಾಣದ ಒತ್ತುಗುಂಡಿ, ಹಾಲಿನ ಕಲೆ ಮೂಡದಂತೆ ಎದೆಯ ಕಡೆ ಎರಡು ಪದರ ಲೈನಿಂಗ್.

ನಾನು ಬಹಳ ಹೊತ್ತು ನೋಡುತ್ತಾ ನಿಂತದ್ದು ನಮ್ಮ ಅತ್ತೆಯ ಮಗಳ ಟ್ರಯಲ್. ಅವಳು ಗಾಲಿಕುರ್ಚಿಯಲ್ಲಿ ಓಡಾಡುವವಳು. ಪ್ರಶ್ನಾವಳಿಯಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ಸಹಾಯಕಿಯೊಬ್ಬಳು "ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸಬಹುದೇ, ಅಳತೆಗೆ?" ಎಂದು ನನ್ನನ್ನು ಕೇಳಿದಳು, ಅವಳನ್ನಲ್ಲ. ಕತ್ತರಿಯ ಹೆಂಗಸು ಬಾಯಲ್ಲಿದ್ದ ಸೂಜಿ ತೆಗೆದು, "ಅವರು ಮದುವೆಯಲ್ಲಿ ನಿಲ್ಲುತ್ತಾರೇನು? ಕೂತಿರುತ್ತಾರೆ. ಕೂತ ಅಳತೆಯೇ ಬೇಕು" ಎಂದು ನೆಲದ ಮೇಲೆ ಮಂಡಿಯೂರಿದರು. ಕೂತಾಗ ಬೆನ್ನು ಉದ್ದವಾಗುತ್ತದೆ, ಹೊಟ್ಟೆಯ ಕಡೆ ಗಿಡ್ಡವಾಗುತ್ತದೆ. ನಿಂತವರ ಅಳತೆಗೆ ಹೊಲಿದದ್ದು ಮಡಿಲಲ್ಲಿ ಗುಡ್ಡೆಯಾಗುತ್ತದೆ, ಹಿಂದೆ ಎಳೆಯುತ್ತದೆ. ಮುಂಭಾಗ ಗಿಡ್ಡ ಮಾಡಿದರು, ಬೆನ್ನು ಉದ್ದ ಮಾಡಿದರು, ಲಂಗದ ಹಿಂದಿನ ನೆರಿಗೆ ತೆಗೆದರು, ಬೆನ್ನಿಗೆ ಒತ್ತುವ ಜಿಪ್ಪನ್ನು ಪಕ್ಕಕ್ಕೆ ಸರಿಸಿದರು. ಚಕ್ರಕ್ಕೆ ಸಿಗದಂತೆ ತೋಳು ಮೊಣಕೈಗೆ ಮುಗಿಯಿತು. "ಮೊದಲ ಸಲ ನನ್ನ ಬಟ್ಟೆ ನನ್ನ ಜೊತೆ ಕೂತಿದೆ" ಎಂದಳು ಹುಡುಗಿ.

ಆಗಲೇ ಹೊಳೆದದ್ದು: ಮದುವೆಯಲ್ಲಿ ಕೂರುವವಳು ಅವಳೊಬ್ಬಳೇ ಅಲ್ಲವಲ್ಲ. ಎಲ್ಲರೂ ದಿನದ ಬಹುಪಾಲು ಕೂತಿರುತ್ತಾರೆ, ಬಾಗುತ್ತಾರೆ, ಕೈ ಎತ್ತುತ್ತಾರೆ, ಯಾರದೋ ಮಗುವನ್ನು ಸೊಂಟಕ್ಕೇರಿಸಿಕೊಳ್ಳುತ್ತಾರೆ. ನಾವು ಮಾತ್ರ ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತು ಬಟ್ಟೆಗೆ ಒಪ್ಪಿಗೆ ಕೊಡುತ್ತೇವೆ. ಮಿಕ್ಕ ನಾಲ್ವರನ್ನೂ ವೇದಿಕೆಯ ಅಂಚಿನ ಮೇಲೆ ಕೂರಿಸಿದೆ. ಒಬ್ಬಳ ಸೊಂಟದಲ್ಲಿ ಹೊಲಿಗೆ ಚಟ್ಟೆಂದಿತು. ಮದುವೆಯ ದಿನ ಆಗಬೇಕಾದದ್ದು ಅಲ್ಲೇ ಆಗಿಹೋಯಿತು, ಒಳ್ಳೆಯದೇ.

ದೊಡ್ಡ ಜಗಳ ಆಮೇಲಿನದು. ಐದು ಉಡುಪನ್ನೂ ಪೆಟ್ಟಿಗೆಯಿಂದ ತೆಗೆದು ಅಂಗಳದ ಬಿಸಿಲಿಗೆ ಹಿಡಿದೆ. ಮೂರು ಗುಲಾಬಿ, ಎರಡು ಕಂದು! ವಾಪಸ್ಸು ಒಯ್ದರೆ ಅವರ ಬಿಳಿ ದೀಪದ ಕೆಳಗೆ ಐದೂ ಒಂದೇ. "ನಿಮ್ಮ ಕಣ್ಣಿನ ಭ್ರಮೆ ಮೇಡಂ" ಎಂದರು ಮೇಜಿನ ಹಿಂದಿದ್ದವರು. ಅಲ್ಪವಿರಾಮಕ್ಕೂ ಅರ್ಧವಿರಾಮಕ್ಕೂ ವ್ಯತ್ಯಾಸ ದೂರದಿಂದಲೇ ಹಿಡಿಯುವ ಕಣ್ಣಿಗೆ ಈ ಮಾತು! ಬೇರೆ ಬೇರೆ ಸಲ ಬಣ್ಣ ಹಾಕಿದ ಬಟ್ಟೆ ಒಂದು ದೀಪದಲ್ಲಿ ಹೊಂದಿಕೊಂಡು ಇನ್ನೊಂದರಲ್ಲಿ ಜಗಳವಾಡುವುದು ಬಣ್ಣಗಾರರಿಗೆಲ್ಲ ಗೊತ್ತಿರುವ ಸಂಗತಿ. ನಾನು ಐದನ್ನೂ ಎತ್ತಿಕೊಂಡು ಬಾಗಿಲಾಚೆಯ ಬಿಸಿಲಿಗೆ ನಡೆದೆ, ಅವರೂ ಬರಬೇಕಾಯಿತು. ಒಂದೇ ಥಾನು, ಅಂದರೆ ಬಟ್ಟೆಯ ಒಂದೇ ಸುರುಳಿ, ಎಂದು ಮಾತು ಕೊಟ್ಟಿದ್ದರು; ಥಾನು ಸಾಲದೆ ಬಂದಾಗ ಇನ್ನೊಂದನ್ನು ಬಿಚ್ಚಿದ್ದರು. ಕತ್ತರಿಯ ಹೆಂಗಸೇ ಅದನ್ನು ಒಪ್ಪಿಕೊಂಡರು. ಎರಡನೆಯ ಥಾನಿನಲ್ಲಿ ಐವರಿಗೆ ಸಾಲುವಷ್ಟು ಇರಲಿಲ್ಲ. ಆದ್ದರಿಂದ ಗರ್ಭಿಣಿಯದನ್ನೂ ಸಣ್ಣ ಹುಡುಗಿಯದನ್ನೂ ಮೊದಲ ಥಾನಿನ ಉಳಿಕೆಯಲ್ಲಿ, ಒಳಗಿನ ಕಾಣದ ಪಟ್ಟಿಗಳಿಗೆ ಮಾತ್ರ ಬೇರೆ ಬಟ್ಟೆ ಹಾಕಿ, ಹೊಸದಾಗಿ ಹೊಲಿದರು. ಎಂಟು ದಿನ ಹೋಯಿತು. ಮದುವೆಗೆ ನಾಲ್ಕು ದಿನ ಉಳಿದಿತ್ತು. ಹೆಚ್ಚಿನ ಹಣ ಕೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಅತಿಥಿಗಳ ವಿಭಾಗವೂ ಅವರಲ್ಲಿದೆ, ಅದರ ಬಗ್ಗೆ ಹೇಳುವುದು ಕಡಿಮೆ. ನಾನು ಕಡುನೀಲಿ ಪ್ಯಾಂಟು, ಉದ್ದ ಕೋಟು ಹೊಲಿಸಿಕೊಂಡೆ. ಕಡುನೀಲಿಯಲ್ಲಿ ಬೆವರು ಕಾಣುವುದಿಲ್ಲ, ಜೇಬು ನಾಲ್ಕು, ತೃಪ್ತಿ. ಅತ್ತೆಗೆ ಅಡ್ಡಪಟ್ಟೆಯ ಉಡುಪು ಬೇಕಿತ್ತು. ದಪ್ಪ ಕಾಣುತ್ತೀರಿ ಎಂದು ಅವರ ಪಟ್ಟಿ ತಡೆಯಿತು. ಅಡ್ಡಗೆರೆ ತುಂಬಿದ ಚೌಕ ಅಗಲವಾಗಿ ಅಲ್ಲ, ಎತ್ತರವಾಗಿ ಕಾಣುತ್ತದೆ ಎಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1867ರಲ್ಲೇ ಹೇಳಿದ್ದಾನೆ. ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪಟ್ಟೆ ಉಡುಪಿನ ಹೆಂಗಸರ ಚಿತ್ರಗಳನ್ನು ತೋರಿಸಿ ನೋಡಿದಾಗಲೂ ಅಡ್ಡಪಟ್ಟೆ ಯಾರನ್ನೂ ದಪ್ಪ ಮಾಡಲಿಲ್ಲ. ಇದನ್ನು ಹೇಳಿ ನಾನು ಗೆದ್ದೆ, ಆಮೇಲೆ ಅರ್ಧ ಸೋತೆ. ಅತ್ತೆ ಆರಿಸಿದ್ದು ಕೂದಲೆಳೆಯಂಥ ಒತ್ತು ಪಟ್ಟೆ. ಅಂಥದ್ದು ಡಿಜಿಟಲ್ ಕ್ಯಾಮರಾದಲ್ಲಿ ಅಲೆಅಲೆಯಾಗಿ ನಡುಗುತ್ತದೆ. ಮೊಬೈಲಿನಲ್ಲಿ ತೆಗೆದು ತೋರಿಸಿದ ಮೇಲೆ ಬೆರಳಗಲದ ಪಟ್ಟೆಗೆ ಒಪ್ಪಿದರು.

ಮದುವೆಯ ಮರುವಾರ ಸೇವೆಯವರಿಂದ ಅಭಿಪ್ರಾಯದ ನಮೂನೆ ಬಂತು. ಬಣ್ಣಕ್ಕೆ ಎರಡು ನಕ್ಷತ್ರ, ಪ್ರಶ್ನಾವಳಿಗೆ ಸೊನ್ನೆ ಹಾಕಲು ಅವಕಾಶವಿಲ್ಲದ ಕಾರಣ ಒಂದು, ಹೊಲಿಗೆಗೆ ಐದು. ಕೆಳಗೆ ಖಾಲಿ ಚೌಕವಿತ್ತು. ಅಲ್ಲಿ ಎರಡು ಸಾಲು ಬರೆದೆ: "ಟ್ರಯಲ್ ಕೋಣೆಯಲ್ಲಿ ಕುರ್ಚಿ ಇಡಿ. ಕಿಟಕಿಯೊಂದನ್ನು ತೆರೆಯಿರಿ."