ಐ5-4570 ತೆಗೆದು ರೈಜನ್ 5 5600ಜಿ ಹಾಕಿದೆ

ನನ್ನ ಡೆಸ್ಕ್‌ಟಾಪ್‌ನಲ್ಲಿ ಇದ್ದದ್ದು ಇಂಟೆಲ್ ಐ5-4570 ಪ್ರೊಸೆಸರ್, 2013ರದ್ದು. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡ್ರೈವ್) ಹಾಕಿದ ಮೇಲೆ ಚೆನ್ನಾಗೇ ಓಡುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಬೆಂಬಲ ಮುಗಿಯಿತು, ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಅದೊಂದನ್ನೇ ಬದಲಿಸೋಣ ಅಂದರೆ ಹಳೇ ಸಾಕೆಟ್‌ಗೆ ಹೊಸದು ಯಾವುದೂ ಕೂರುವುದಿಲ್ಲ, ಮದರ್‌ಬೋರ್ಡ್ ಬದಲಿಸಿದರೆ ಡಿಡಿಆರ್3 ರ‍್ಯಾಮ್ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಮೂರನ್ನೂ ಒಟ್ಟಿಗೇ ತಗೊಂಡೆ: ಎಎಂಡಿಯ ರೈಜನ್ 5 5600ಜಿ ಪ್ರೊಸೆಸರ್, ಬಿ550 ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್. ಕ್ಯಾಬಿನೆಟ್, ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಳೇವೇ.

ಬರೀ 5600 ಬಿಟ್ಟು ಜಿ ಯಾಕೆ ಅಂದರೆ, ನನ್ನ ಹತ್ತಿರ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಜಿ ಇಲ್ಲದ್ದರಲ್ಲಿ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡ್ ಹಾಕದಿದ್ದರೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಆದರೆ ಜಿಯಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ ಅಷ್ಟೇ, 5600ರಲ್ಲಿ 32. ಪಿಸಿಐಇ (ಗ್ರಾಫಿಕ್ಸ್ ಕಾರ್ಡ್ ಜೋಡಿಸುವ ಸಂಪರ್ಕ) ಕೂಡ 4.0 ಅಲ್ಲ, 3.0. ಮುಂದೆ ಒಳ್ಳೆ ಕಾರ್ಡ್ ಹಾಕಿ ಗೇಮ್ ಆಡುವ ಆಸೆ ಇದ್ದವರು ಇದರ ತಂಟೆಗೆ ಹೋಗಬೇಡಿ.

ಜೋಡಿಸುವುದು ಸುಲಭವಾಗೇ ಮುಗಿಯಿತು. ತಲೆನೋವು ಶುರುವಾಗಿದ್ದು ಪವರ್ ಬಟನ್ ಒತ್ತಿದ ಮೇಲೆ. ಬಯಾಸ್‌ಗೆ (ಪಿಸಿ ಆನ್ ಆದಾಗ ಮೊದಲು ಓಡುವ, ಬೋರ್ಡಿನದೇ ಸಾಫ್ಟ್‌ವೇರ್) ಎಸ್‌ಎಸ್‌ಡಿ ಕಾಣುತ್ತದೆ, ಬೂಟ್ ಪಟ್ಟಿಯಲ್ಲಿ ಮಾತ್ರ ಇಲ್ಲ! ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಡ್ರೈವೇ ಹೋಯಿತೇನೋ ಅಂತ ಅರ್ಧ ದಿನ ಸುಮ್ನೆ ಒದ್ದಾಡಿದೆ. ಕೊನೆಗೆ ಗೊತ್ತಾಯಿತು, ಹಳೇ ವಿಂಡೋಸ್ ಅನ್ನು ನಾನೇ ಎಂಬಿಆರ್ (ಡಿಸ್ಕ್ ವಿಂಗಡಿಸುವ ಹಳೇ ವಿಧಾನ) ಡಿಸ್ಕಿಗೆ ಲೆಗಸಿ ಮೋಡ್‌ನಲ್ಲಿ, ಅಂದರೆ ಹಳೇ ಬೂಟ್ ವಿಧಾನದಲ್ಲಿ, ಹಾಕಿದ್ದೆ, ಹೊಸ ಬೋರ್ಡ್ ಯುಇಎಫ್‌ಐ ಅನ್ನುವ ಹೊಸ ವಿಧಾನ ಮಾತ್ರ ನೋಡುತ್ತಿತ್ತು. ವಿಂಡೋಸ್ ಇನ್‌ಸ್ಟಾಲರ್ ಇದ್ದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಂಬಿಆರ್2ಜಿಪಿಟಿ (ಎಂಬಿಆರ್ ಡಿಸ್ಕನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿಗೆ ಬದಲಿಸುವ ವಿಂಡೋಸ್ ಟೂಲ್) ಓಡಿಸಿದೆ, ಫೈಲುಗಳೆಲ್ಲ ಹಾಗೇ ಉಳಿದವು. ಹಳೇ ಬೋರ್ಡ್ ಬಿಚ್ಚುವ ಮೊದಲೇ ಇದನ್ನು ಮಾಡಿಕೊಳ್ಳಿ, ಬ್ಯಾಕಪ್ ತೆಗೆದುಕೊಂಡೇ ಮಾಡಿ.

ಇನ್ನೊಂದು. 3200 ವೇಗದ ರ‍್ಯಾಮ್ ತಂದಿದ್ದೆ, ಎರಡು ವಾರ 2400ರಲ್ಲೇ ಓಡಿತು, ನನಗೆ ಪತ್ತೆಯೇ ಇಲ್ಲ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಬೇಕಿತ್ತು. ಈ ಚಿಪ್‌ನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲ, ರ‍್ಯಾಮನ್ನೇ ಬಳಸುತ್ತದೆ. ಹಾಗಾಗಿ ವೇಗವೂ ಮುಖ್ಯ, ಒಂದು 16 ಜಿಬಿ ಸ್ಟಿಕ್‌ಗಿಂತ ಎರಡು 8 ಹಾಕುವುದೂ ವಾಸಿ.

ಈಗ ವಿಡಿಯೋ ಎಕ್ಸ್‌ಪೋರ್ಟ್‌ಗೆ ಇಟ್ಟು ಪಕ್ಕದಲ್ಲಿ ಬ್ರೌಸರ್ ತೆರೆದರೂ ಒದ್ದಾಡುವುದಿಲ್ಲ. 4 ಕೋರ್‌ನಿಂದ 6 ಕೋರ್, 12 ಥ್ರೆಡ್‌ಗೆ (ಒಟ್ಟಿಗೇ ನಡೆಸಬಲ್ಲ ಕೆಲಸಗಳ ಸಂಖ್ಯೆ) ಬಂದಿದ್ದು ಅಲ್ಲಿ ಗೊತ್ತಾಗುತ್ತದೆ. ಬರೀ ಮೇಲ್, ಯೂಟ್ಯೂಬ್ ನೋಡುವಾಗ? ನಿಜ ಹೇಳಬೇಕಂದ್ರೆ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ, ಆ ಕೆಲಸವನ್ನು ಎಸ್‌ಎಸ್‌ಡಿ ಮೊದಲೇ ಮಾಡಿತ್ತು.